ಟಿ.ಬಿ. ಎಂದಾಗ ನಕ್ಕ ಅಕ್ಕ

ಹೋದ ವಾರ ಶಹಾಪುರದ ಬಸ್ ಸ್ಟ್ಯಾಂಡಿನ ಎದುರು ಟಂಟಂ ಆಟೋಗಾಗಿ ಕಾಯುತ್ತಿದ್ದೆ. ಬಂದ ಗಾಡಿಯ ಮೇಲೆ ಭತ್ತದ ಸಸಿಯ ಕಟ್ಟುಗಳನ್ನು ಹೇರಿದ್ದರು. ಬೇರಿನಿಂದ ಕೆಸರು ನೀರು ತೊಟ್ಟಿಕ್ಕುತ್ತಿತ್ತು. ಹತ್ತಲು ಹೋದವಳ ಮೂಗಿಗೆ ಆ ವಾಸನೆ ಬಡಿಯಿತು. ಹಸಿ ಮಣ್ಣು, ಕೊಳೆತ ಎಲೆ, ನಿಂತ ನೀರು ಎಲ್ಲ ಕಲೆತ ವಾಸನೆ. ಗಾಡಿಯವನು ಕೂಡ್ರಿ ಅಮ್ಮಾ ಎಂದು ಎರಡು ಸಲ ಕರೆದ. ನಾನು ಕೂಡಲಿಲ್ಲ. ಅದು ಹೋಗಿಬಿಟ್ಟಿತು. ಮೂವತ್ತೆಂಟು ವರ್ಷಗಳ ಹಿಂದೆ ನನ್ನ ಗೋಡೆಯಾಚೆಯ ಮನೆಯ ಅಕ್ಕ ಸಂಜೆ ಹೊತ್ತು ಬಾಗಿಲಿಗೆ ಬಂದು ನಿಂತರೆ ಇದೇ ವಾಸನೆ ಬರುತ್ತಿತ್ತು.

ಆಗ ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಎಲ್ಲದಕ್ಕೂ ಗುಲ್ಬರ್ಗಾಕ್ಕೇ ಹೋಗಬೇಕಿತ್ತು. ನಾನು ಸುರಪುರದಿಂದ ಮೊದಲ ನೌಕರಿಗೆಂದು ಗೋಗಿ ದಾರಿಯ ಒಂದು ಹಳ್ಳಿಗೆ ಹೋಗಿದ್ದೆ. ವಯಸ್ಸು ಇಪ್ಪತ್ನಾಲ್ಕು, ಮದುವೆಯಾಗಿರಲಿಲ್ಲ. ಪ್ರಾಥಮಿಕ ಶಾಲೆಯಲ್ಲಿ ನಾನೊಬ್ಬಳೇ ಹೆಣ್ಣು ಟೀಚರ್. ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಅದರ ಗೋಡೆಗೆ ಗೋಡೆ ಹಚ್ಚಿ ಅಕ್ಕನ ಮನೆ. ನಡುವೆ ಬಚ್ಚಲು ಮಾತ್ರ ಇಬ್ಬರಿಗೂ ಒಂದೇ.

ಕಾಲುವೆಗೆ ನೀರು ಬಂದು ನಾಲ್ಕೈದು ವರ್ಷವಾಗಿತ್ತು. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಗಳು ಕೆಸರುಗದ್ದೆಗಳಾಗಿದ್ದವು. ಊರ ಹೆಂಗಸರಿಗೆ ಭತ್ತದ ಸಸಿ ಹಚ್ಚುವುದು ಹೊಸ ಕೆಲಸ, ಮೊದಮೊದಲು ಯಾರಿಗೂ ಬರುತ್ತಿರಲಿಲ್ಲವಂತೆ. ಆಂಧ್ರದ ಕಡೆಯಿಂದ ಬಂದು ಕ್ಯಾಂಪು ಮಾಡಿಕೊಂಡಿದ್ದವರ ಹೆಣ್ಣಾಳುಗಳನ್ನು ನೋಡಿ ಅಕ್ಕ ಒಂದೇ ಹಂಗಾಮಿನಲ್ಲಿ ಕಲಿತಳು. ಎರಡನೇ ವರ್ಷಕ್ಕೆ ಇಪ್ಪತ್ತು ಹೆಂಗಸರ ಗುಂಪು ಕಟ್ಟಿದಳು. ಯಾರ ಹೊಲಕ್ಕೆ ಯಾವ ದಿನ ಹೋಗಬೇಕು, ಎಷ್ಟು ಹೊತ್ತಿಗೆ ದಂಡೆ ಹತ್ತಬೇಕು ಎಲ್ಲವನ್ನೂ ಆಕೆಯೇ ನಿರ್ಧರಿಸುತ್ತಿದ್ದಳು. ಮೊದಲ ಸಾಲು ಆಕೆಯದು. ಉಳಿದವರು ಆಕೆಯ ಕೈ ನೋಡಿಕೊಂಡು ಹಿಂದೆ ಸರಿಯಬೇಕು. ದೊಡ್ಡ ದನಿ, ದೊಡ್ಡ ನಗು. ಹೊಲದ ಮಾಲೀಕರು ಆಕೆಯ ಹತ್ತಿರ ಮಾತಾಡುವಾಗ ತಮಗೇ ಗೊತ್ತಿಲ್ಲದೆ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದರು.

ಗಂಡ ಕುರಿ ಹಿಂಡು ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಕಟಾವಾದ ಹೊಲ ಹುಡುಕಿಕೊಂಡು ಕಡೇಚೂರಿನವರೆಗೂ ಹೋಗುವವನು. ಮನೆಯಲ್ಲಿ ಅತ್ತೆ, ಹನ್ನೊಂದು ವರ್ಷದ ಮಗಳು, ಹತ್ತು ತಿಂಗಳ ಹೆಣ್ಣುಕೂಸು. ನಡುವೆ ಎರಡು ಕೂಸು ಹುಟ್ಟಿ ಹೋಗಿದ್ದವು. ಅದನ್ನು ಆಕೆ ಒಂದೇ ಒಂದು ಸಲ ಹೇಳಿದ್ದಳು, ಆಮೇಲೆ ಎತ್ತಲಿಲ್ಲ. ಹೀಗಾಗಿ ಸಣ್ಣ ಕೂಸಿನ ಮೇಲೆ ಜೀವ. ಮಧ್ಯಾಹ್ನ ಗದ್ದೆಯಿಂದ ಓಡಿಬಂದು ಹಾಲು ಕುಡಿಸಿ ಮತ್ತೆ ಓಡುತ್ತಿದ್ದಳು.

ಹಾಲು ಕುಡಿಸುವುದನ್ನು ದಿನವೂ ನೋಡುತ್ತಿದ್ದೆ. ಆದರೂ ಯಾವಾಗಲೂ ಬಲಗಡೆಯೇ ಕುಡಿಸುತ್ತಾಳೆ ಎನ್ನುವುದು ಹೊಳೆದದ್ದು ಬಹಳ ತಡವಾಗಿ. ಕೂಸು ಎಡಕ್ಕೆ ಹೊರಳಿ ಕೈ ಹಾಕಿದರೆ ಅಕ್ಕನ ಮುಖ ಸಣ್ಣಗೆ ಕಿವುಚಿಕೊಳ್ಳುತ್ತಿತ್ತು. ಕೇಳಿದೆ. ಹಾಲು ಗಡ್ಡೆ ಕಟ್ಟೇದ, ಹೋಗ್ತದ ಎಂದಳು.

ಒಂದು ಭಾನುವಾರ ಬಚ್ಚಲಿನಿಂದ ಕರೆದು, ಹಳೇ ಮೆತ್ತನೆ ಸೀರೆ ಇದ್ದರೆ ಒಂದು ತುಂಡು ಕೊಡಿ ಎಂದು ಕೇಳಿದಳು. ಕೊಡಲು ಹೋದಾಗ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಎದೆಯ ಸುತ್ತ ಬಿಗಿದಿದ್ದ ಬಟ್ಟೆಯನ್ನು ಬಿಚ್ಚುತ್ತಿದ್ದಳು. ಅದು ಹಳದಿಗಟ್ಟಿ ಅಂಟಿಕೊಂಡಿತ್ತು. ಎಡ ಮೊಲೆಯ ಕೆಳಭಾಗದಲ್ಲಿ ಎರಡು ಸಣ್ಣ ಬಾಯಿ. ಅವುಗಳಿಂದ ತೆಳ್ಳಗೆ ಕೀವು ಬರುತ್ತಿತ್ತು. ಸುತ್ತ ಚರ್ಮ ಒಳಗೆ ಎಳೆದುಕೊಂಡಿತ್ತು. ನಾನು ನೋಡಿದ್ದನ್ನು ಆಕೆಯೂ ನೋಡಿದಳು.

ಆರು ತಿಂಗಳಿಂದ ಇತ್ತಂತೆ. ಮೊದಲು ನೆಲ್ಲಿಕಾಯಿಯಷ್ಟು ಗಂಟು. ಅತ್ತೆ ಅರಿಷಿಣ, ಲೋಳೆಸರ ಕಟ್ಟಿದ್ದಳು. ಪಕ್ಕದ ಊರಿನಲ್ಲಿ ಸೂಜಿ ಚುಚ್ಚುವವನೊಬ್ಬ ಕೀವು ತುಂಬಿದೆ ಎಂದು ಕೊಯ್ದು ಹಿಂಡಿದ್ದ. ಆ ಗಾಯ ಮಾಯಲಿಲ್ಲ. ಬದಿಯಲ್ಲೇ ಇನ್ನೊಂದು ಒಡೆಯಿತು. ಸಂಜೆಯಾದರೆ ಸಣ್ಣಗೆ ಜ್ವರ ಬರುತ್ತಿತ್ತು. ಅದನ್ನು ಗದ್ದೆ ನೀರಿನ ಜ್ವರ ಎಂದುಕೊಂಡಿದ್ದಳು. ನಾಲ್ಕು ತಿಂಗಳಿಂದ ಎದೆಗೆ ಬಟ್ಟೆ ಬಿಗಿದುಕೊಂಡೇ ದಿನವಿಡೀ ಬಗ್ಗಿ ಸಸಿ ಹಚ್ಚುತ್ತಿದ್ದಳು.

ಶಹಾಪುರಕ್ಕೆ ಹೋಗೋಣ ಎಂದೆ. ಆಗಲ್ಲ ಎಂದಳು. ಗಂಡಸು ಡಾಕ್ಟರ ಮುಂದೆ ಕುಪ್ಪಸ ಬಿಚ್ಚುವುದಿಲ್ಲ ಎಂದಳು. ಅಲ್ಲಿ ಸರ್ಕಾರಿ ದವಾಖಾನೆಗೆ ಹೆಣ್ಣು ಡಾಕ್ಟರ್ ಬಂದಿದ್ದಾರೆ ಎಂದೆ. ಹಂಗಾಮು ಮುಗಿಯಲಿ ಎಂದಳು. ಎಂಟು ದಿನ ಇದೇ ನಡೆಯಿತು. ಕೊನೆಗೆ ಒಪ್ಪಿಸಿದ್ದು ನಾನಲ್ಲ, ಅತ್ತೆ. ಕಡುಮಾತಿನ ಮುದುಕಿ, ಸೊಸೆಯ ಜೊತೆ ದಿನಕ್ಕೆರಡು ಸಲ ಜಗಳ. ಆ ದಿನ ಕೂಸನ್ನು ಎತ್ತಿಕೊಂಡು ಬಂದು ಸೊಸೆಯ ಎದುರು ನಿಂತಳು.

"ಟೀಚರ್ ಕೂಡ ಹೋಗು. ಹೋಗಲಿಲ್ಲಂದ್ರ ಇದನ್ನ ನೀನ ಸಾಕ್ಕೋ. ತಾಯಿ ಸತ್ತ ಕೂಸು ಸಾಕೂದು ನನಗ ಇನ್ನ ಆಗಂಗಿಲ್ಲ."

ಅತ್ತೆ ಹಿಂದೆ ಯಾರದೋ ಕೂಸನ್ನು ಸಾಕಿದ್ದಳೇನೋ… ನನಗೆ ಗೊತ್ತಾಗಲಿಲ್ಲ, ಕೇಳಲೂ ಇಲ್ಲ. ಅಕ್ಕ ಮರುದಿನ ಬಂದಳು.

ಶಹಾಪುರದ ಡಾಕ್ಟರಮ್ಮ ಧಾರವಾಡದ ಕಡೆಯವರು, ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಪರದೆಯ ಹಿಂದೆ ಕರೆದುಕೊಂಡು ಹೋಗಿ ಬಹಳ ಹೊತ್ತು ನೋಡಿದರು. ಕಂಕುಳಲ್ಲಿಯೂ ಒಂದು ಗಂಟು ಸಿಕ್ಕಿತು. ಹೊರಬಂದಾಗ ಅವರ ಮುಖ ಬಿಗಿದುಕೊಂಡಿತ್ತು. ಎರಡು ಮೂರು ರೋಗ ಹೀಗೆಯೇ ಕಾಣುತ್ತವೆ, ಕೈಯಿಂದ ಮುಟ್ಟಿ ಇದೇ ಎಂದು ಹೇಳಲಾಗುವುದಿಲ್ಲ ಎಂದರು. ಗುಲ್ಬರ್ಗಾದ ದೊಡ್ಡ ದವಾಖಾನೆಗೆ ಚೀಟಿ ಬರೆದುಕೊಟ್ಟರು. ನನ್ನನ್ನು ಬದಿಗೆ ಕರೆದು, ತಡ ಮಾಡಬೇಡಿ ಎಂದಷ್ಟೇ ಹೇಳಿದರು.

ಗುಲ್ಬರ್ಗಾದಲ್ಲಿ ಸರ್ಜನ್ ಗಂಡಸೇ. ವಯಸ್ಸಾದವರು. ಅಕ್ಕ ಕಣ್ಣು ಮುಚ್ಚಿಕೊಂಡು ಮುಖವನ್ನು ಗೋಡೆಯ ಕಡೆ ತಿರುಗಿಸಿ ಮಲಗಿದಳು, ನನ್ನ ಕೈ ಹಿಡಿದುಕೊಂಡು. ಗದ್ದೆಯ ಕೆಲಸ ಮಾಡಿ ಒರಟಾದ ಕೈ, ನನ್ನ ಬೆರಳು ನುಗ್ಗಾಗುವ ಹಾಗೆ ಅಮುಕಿತು. ಅವರು ನೋಡಿದರು. ಕ್ಯಾನ್ಸರಿನ ಹಾಗೆ ಕಾಣುತ್ತದೆ, ಹಾಗಿದ್ದರೆ ಮೊಲೆ ಪೂರ್ತಿ ತೆಗೆಯಬೇಕಾಗುತ್ತದೆ, ಆದರೆ ಮೊದಲು ಸೂಜಿ ಹಾಕಿ ಒಳಗಿನದನ್ನು ಸ್ವಲ್ಪ ತೆಗೆದು ಪರೀಕ್ಷೆ ಮಾಡಬೇಕು ಎಂದರು.

ಅಕ್ಕ ಎದ್ದು ಕೂತಳು. ಸೆರಗು ಸರಿ ಮಾಡಿಕೊಂಡಳು.

"ಸೂಜಿ ಯಾಕ್ರಿ, ತಗೀಬೇಕಂದ್ರ ಇವತ್ತ ತಗದುಬಿಡ್ರಿ. ನಾ ತಯಾರಾಗೇ ಬಂದೀನಿ. ಮತ್ತ ಮತ್ತ ಬರಾಕ ಆಗಂಗಿಲ್ಲ ನನಗ."

"ತಗದ ಮ್ಯಾಲ ಅದು ಕ್ಯಾನ್ಸರ್ ಅಲ್ಲ ಅಂತ ಗೊತ್ತಾದ್ರ, ವಾಪಸ್ ಹಚ್ಚಾಕ ಬರ್ತದೇನಮ್ಮಾ ನನಗ?" ಎಂದು ಕೇಳಿದರು ಸರ್ಜನ್.

ಅಕ್ಕ ಮತ್ತೆ ಮಲಗಿದಳು. ಸೂಜಿ ಹಾಕಿಸಿಕೊಂಡಳು. ಗಾಜಿನ ಪಟ್ಟಿಯ ಮೇಲೆ ಏನೋ ಸವರಿದರು, ಎಣ್ಣೆ ಹಚ್ಚಿದ ಹಾಗೆ. ಅಷ್ಟೇ. ಇಷ್ಟಕ್ಕಾ ಇಷ್ಟು ದೂರ ಬಂದ್ವಿ ಎಂದು ಹೊರಗೆ ಬಂದ ಮೇಲೆ ಅಂದಳು. ವರದಿ ನಾಲ್ಕು ದಿನ ಬಿಟ್ಟು.

ಶನಿವಾರ ಬೆಳಗಿನ ಶಾಲೆ. ಮುಗಿಸಿಕೊಂಡು ನಾನೊಬ್ಬಳೇ ಗುಲ್ಬರ್ಗಾಕ್ಕೆ ಹೋದೆ. ಅಕ್ಕನಿಗೆ ಆ ದಿನ ದೊಡ್ಡ ಹೊಲದ ನಾಟಿ. ಕೌಂಟರಿನಲ್ಲಿ ಲಕೋಟೆ ಕೊಟ್ಟರು. ಸರ್ಜನ್ ಇರಲಿಲ್ಲ. ಸೋಮವಾರ ಶಹಾಪುರದ ಡಾಕ್ಟರಿಗೆ ತೋರಿಸಿದರೂ ನಡೆಯುತ್ತದೆ ಎಂದರು. ಬಸ್ಸು ಹತ್ತಿದೆ. ಜೇವರ್ಗಿ ದಾಟುವವರೆಗೂ ಲಕೋಟೆ ತೆಗೆಯಬಾರದು ಎಂದು ಗಟ್ಟಿಯಾಗಿ ಕೂತಿದ್ದೆ. ಆಮೇಲೆ ಆಗಲಿಲ್ಲ. ಅಂಟು ಸರಿಯಾಗಿ ಹತ್ತಿರಲಿಲ್ಲ, ಉಗುರು ಹಾಕಿದರೆ ಬಿಟ್ಟುಕೊಂಡಿತು.

ಪೂರ್ತಿ ಇಂಗ್ಲಿಷ್, ಕೈಬರಹ. ಎರಡು ಪದ ನಿಧಾನಕ್ಕೆ ಕೂಡಿಸಿ ಓದಿದೆ, ಗ್ರಾನುಲೋಮ, ನೆಕ್ರೋಸಿಸ್. ಎರಡರ ಅರ್ಥವೂ ಗೊತ್ತಿರಲಿಲ್ಲ. ಆದರೆ ನನ್ನ ಗೆಳತಿಯ ತಾಯಿ ಸತ್ತ ರೋಗದ ಹೆಸರೂ 'ಓಮ' ಎಂದೇ ಮುಗಿಯುತ್ತಿತ್ತು. ಕೆಳಗಿನ ಸಾಲು ಅವಸರದಲ್ಲಿ ಗೀಚಿದ್ದು. ಅದರಲ್ಲಿ ಒಂದೇ ಪದ ಗುರುತು ಸಿಕ್ಕಿತು, ಮ್ಯಾಲಿಗ್ನೆಂಟ್. ಅದರ ಅರ್ಥ ಕ್ಯಾನ್ಸರ್ ಎಂದು ನನಗೆ ಗೊತ್ತಿತ್ತು. ಕಾಗದ ಮಡಚಿದೆ. ಬಸ್ಸಿನ ಕಿಟಕಿಯಾಚೆ ಹತ್ತಿ ಹೊಲಗಳು ಹೋಗುತ್ತಿದ್ದವು. ನಾನು ಅವನ್ನು ನೋಡಲಿಲ್ಲ. ಕೋಣೆಗೆ ಬಂದು ಶಬ್ದಕೋಶ ತೆಗೆದೆ. ಸಣ್ಣ ಶಬ್ದಕೋಶ, ಗ್ರಾನುಲೋಮ ಅದರಲ್ಲಿ ಇರಲಿಲ್ಲ. ನೆಕ್ರೋಸಿಸ್ ಇತ್ತು. ದೇಹದ ಒಂದು ಭಾಗ ಸಾಯುವುದು ಎಂದಿತ್ತು.

ಅಕ್ಕ ಗದ್ದೆಯಿಂದ ಬಂದವಳೇ ನನ್ನ ಬಾಗಿಲಲ್ಲಿ ನಿಂತಳು. ಮೊಣಕಾಲವರೆಗೂ ಕೆಸರು. ಏನು ಬರೆದಾರ ಎಂದು ಕೇಳಿದಳು. ನನಗೆ ತಿಳಿಯುವುದಿಲ್ಲ, ಸೋಮವಾರ ಡಾಕ್ಟರಮ್ಮ ಹೇಳುತ್ತಾರೆ ಎಂದೆ. ಆಕೆ ಕಾಗದದ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದಳು. ಹೌದಾ ಎಂದು ಹೋದಳು. ಓದಲು ಬಾರದವರಿಗೆ ಮುಖ ಓದಲು ಬರುತ್ತದೆ ಎನ್ನುವುದು ಆ ವಯಸ್ಸಿಗೆ ನನಗೆ ತಿಳಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ಗೋಡೆಯಾಚೆ ಕೂಸು ಒಂದೇ ಸಮನೆ ಅಳುತ್ತಿತ್ತು. ಹೋಗಿ ನೋಡಿದರೆ ಅತ್ತೆ ಬಟ್ಟಲಿನಲ್ಲಿ ಆಡಿನ ಹಾಲು ಇಟ್ಟುಕೊಂಡು ಒಳಲೆಯಿಂದ ಕುಡಿಸಲು ನೋಡುತ್ತಿದ್ದಳು. ಕೂಸು ಉಗುಳುತ್ತಿತ್ತು. ಅಕ್ಕ ಆಚೆ ಬದಿಗೆ ಬೆನ್ನು ಮಾಡಿ ಜೋಳ ಹಸನು ಮಾಡುತ್ತಿದ್ದಳು. ಮೊಲೆ ಬಿಡಿಸುತ್ತಿದ್ದೇನೆ, ರೂಢಿಯಾಗಲಿ ಎಂದಳು, ತಿರುಗದೆ. ಮಧ್ಯಾಹ್ನ ಗುಂಪಿನಲ್ಲಿ ತನ್ನ ನಂತರದ ಹೆಂಗಸನ್ನು ಕರೆಸಿ, ನಾಳೆಯಿಂದ ಮೊದಲ ಸಾಲು ನೀನು ಹಿಡಿ ಎಂದಳು. ಕುರಿಯ ಕಡೆ ಹೋಗುವವರ ಕೈಯಲ್ಲಿ ಗಂಡನಿಗೆ ಬಾ ಎಂದು ಹೇಳಿ ಕಳಿಸಿದಳು. ಎಲ್ಲವನ್ನೂ ನಾಟಿಗೆ ಮೊದಲು ಸಸಿ ಕಟ್ಟು ಹಂಚುವಷ್ಟು ಸಮಾಧಾನದಿಂದ ಮಾಡುತ್ತಿದ್ದಳು.

ಸಂಜೆ ಕಟ್ಟೆಯ ಮೇಲೆ ನನ್ನ ಪಕ್ಕ ಬಂದು ಕೂತಳು. ದೊಡ್ಡ ಮಗಳನ್ನು ಏಳನೇ ಇಯತ್ತೆಯವರೆಗಾದರೂ ಶಾಲೆ ಬಿಡಿಸಬಾರದು, ಅಪ್ಪ ಬಿಡಿಸಲು ನೋಡುತ್ತಾನೆ, ನೀವು ಅಡ್ಡ ನಿಲ್ಲಬೇಕು ಎಂದಳು. ನಿಲ್ಲುತ್ತೇನೆ ಎಂದೆ. ಆಮೇಲೆ ಹೇಳಿದಳು.

"ಆ ಕಾಗದದಾಗ ಏನದ ಅಂತ ನಾ ಕೇಳಂಗಿಲ್ಲ ಟೀಚರ್. ಒಂದ ಮಾತು ಹೇಳ್ರಿ. ಸಣ್ಣಾಕಿ ನಡಿಯೂದು ನೋಡ್ತೀನೇನು ನಾ?"

"ನೋಡ್ತೀ ಅಕ್ಕಾ," ಎಂದೆ.

ನನಗೆ ಗೊತ್ತಿರಲಿಲ್ಲ. ಸುಮ್ಮನೆ ಹೇಳಿದೆ. ಆಕೆ ತಲೆ ಆಡಿಸಿದಳು, ಸುಳ್ಳಾದರೂ ಸರಿ ಎನ್ನುವ ಹಾಗೆ.

ಸೋಮವಾರ ರಜೆ ಹಾಕಿ ಶಹಾಪುರಕ್ಕೆ ಕರೆದುಕೊಂಡು ಹೋದೆ. ದವಾಖಾನೆಯ ಮೊಗಸಾಲೆಯಲ್ಲಿ ಜ್ವರದವರು, ಬಾಣಂತಿಯರು, ಕೆಮ್ಮುವ ಮುದುಕರು. ನಮ್ಮ ಸರದಿ ಬರುವ ಹೊತ್ತಿಗೆ ಹನ್ನೆರಡು ದಾಟಿತ್ತು. ಡಾಕ್ಟರಮ್ಮ ಕಾಗದ ಬಿಡಿಸಿ ಓದಿದರು. ಇನ್ನೊಮ್ಮೆ ಓದಿದರು. ಅವರ ಹೆಗಲು ಕೆಳಗಿಳಿದದ್ದು ನನಗೆ ಕಂಡಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅಕ್ಕನ ಕಡೆ ತಿರುಗಿದರು.

"ಕ್ಯಾನ್ಸರ್ ಅಲ್ಲವ್ವಾ ಇದು. ಟಿ.ಬಿ."

ನಾನು ನಂಬಲಿಲ್ಲ. ಅಲ್ಲಿ ಮ್ಯಾಲಿಗ್ನೆಂಟ್ ಎಂದು ಇದೆಯಲ್ಲ ಎಂದುಬಿಟ್ಟೆ. ಅವರು ಕಾಗದವನ್ನು ನನ್ನ ಕಡೆ ತಿರುಗಿಸಿ ಆ ಸಾಲಿನ ಮೊದಲಲ್ಲಿ ಬೆರಳಿಟ್ಟರು. ಪೆನ್ನು ಜಾರಿದ ಗೀಟು ಎಂದು ನಾನು ತಿಳಿದದ್ದು ಎರಡು ಅಕ್ಷರ. ನೋ. ಮ್ಯಾಲಿಗ್ನೆಂಟ್ ಕಣಗಳು ಇಲ್ಲ ಎಂದು ಬರೆದಿತ್ತು. ಎರಡು ದಿನ, ಎರಡು ರಾತ್ರಿ ನಾನು ಒಬ್ಬಳ ಸಾವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದೆ. ಅದು ಬರೆದವರ ಅವಸರ, ಓದಿದವಳ ಅಂಜಿಕೆ… ಮತ್ತೇನೂ ಅಲ್ಲ.

ಅಕ್ಕ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಟಿ.ಬಿ. ಅಂದರೆ ಕೆಮ್ಮಿ ಕೆಮ್ಮಿ ರಕ್ತ ಕಾರುತ್ತಾರಲ್ಲ ಅದೇನಾ ಎಂದು ಕೇಳಿದಳು. ಅದೇ ಕ್ರಿಮಿ ಎಂದರು ಡಾಕ್ಟರಮ್ಮ. ಸಾಮಾನ್ಯವಾಗಿ ಶ್ವಾಸಕೋಶದಲ್ಲಿ ಕೂರುತ್ತದೆ, ಕೆಲವೊಮ್ಮೆ ಮೂಳೆಗೆ, ಗಂಟುಗಳಿಗೆ ಹೋಗುತ್ತದೆ, ಮೊಲೆಗೆ ಹೋಗುವುದು ಬಹಳ ಅಪರೂಪ, ಹೋದರೂ ಹೆಚ್ಚಾಗಿ ಹಾಲು ಕುಡಿಸುವ ವಯಸ್ಸಿನ ಹೆಂಗಸರಿಗೆ ಎಂದು ವಿವರಿಸಿದರು. ಇಂಥ ಕಡೆ ಕ್ರಿಮಿಯೇ ಕಣ್ಣಿಗೆ ಬೀಳುವುದು ಕಷ್ಟವಂತೆ. ಈ ಸಲವೂ ಬಿದ್ದಿರಲಿಲ್ಲ. ಆದರೆ ಅದು ಬಿಟ್ಟುಹೋದ ಗುರುತು, ಗಿಣ್ಣದ ಹಾಗೆ ಸತ್ತ ಮಾಂಸ, ಅದರ ಸುತ್ತ ಗುಂಪುಗಟ್ಟಿದ ಕಣಗಳು, ಅವು ಸಿಕ್ಕಿದ್ದವು. ಮಾಯದ ಗಾಯ, ಕಂಕುಳ ಗಂಟು, ಸಂಜೆಯ ಜ್ವರ ಎಲ್ಲ ಸೇರಿಸಿದರೆ ಅನುಮಾನವಿಲ್ಲ ಎಂದರು. ಕೊಯ್ಯುವ ಕೆಲಸವೇ ಇಲ್ಲ. ಒಂಬತ್ತು ತಿಂಗಳು ಗುಳಿಗೆ ನುಂಗಬೇಕು, ಒಂದು ದಿನವೂ ತಪ್ಪಿಸಬಾರದು.

"ಬರೇ ಟಿ.ಬಿ.?" ಎಂದಳು ಅಕ್ಕ.

"ಬರೇ ಟಿ.ಬಿ."

ಅಕ್ಕ ನಕ್ಕಳು. ಮೊದಲು ಸೆರಗು ಬಾಯಿಗೆ ಒತ್ತಿಕೊಂಡು, ಆಮೇಲೆ ತಡೆಯಲಾಗದೆ, ಗದ್ದೆಯ ಬದುವಿನ ಮೇಲೆ ನಿಂತು ನಗುವ ಹಾಗೆ ದೊಡ್ಡದಾಗಿ. ಹೊರಗೆ ಕೂತವರು ಬಾಗಿಲಿನಿಂದ ಇಣುಕಿ ನೋಡಿದರು. ಟಿ.ಬಿ. ಎಂದು ಹೇಳಿಸಿಕೊಂಡವರು ಅಳುವುದನ್ನು ನೋಡಿದ್ದೇನೆ, ನಗುವವಳನ್ನು ಇದೇ ಮೊದಲು ನೋಡುತ್ತಿರುವುದು ಎಂದರು ಡಾಕ್ಟರಮ್ಮ. ಅವರೂ ನಗುತ್ತಿದ್ದರು. ಅತ್ತದ್ದು ನಾನು. ಮೇಜಿನ ಅಂಚು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಅಕ್ಕ ನನ್ನ ಬೆನ್ನು ಸವರುತ್ತ, ಇವರಿಗೂ ಒಂದು ಗುಳಿಗೆ ಬರೆದುಕೊಡಿ ಎಂದು ಹೇಳಿದಳು.

ಎದೆಯ ಫೋಟೋ ತೆಗೆಸಿದೆವು, ಶ್ವಾಸಕೋಶ ಸ್ವಚ್ಛವಾಗಿತ್ತು. ಹೊರಡುವಾಗ ಅಕ್ಕ ಬಾಗಿಲಿನಿಂದ ಮರಳಿ ಬಂದು, ಬಲಗಡೆಯದನ್ನು ಕೂಸಿಗೆ ಕೊಡಬಹುದೇ ಎಂದು ಕೇಳಿದಳು. ಕೊಡಬಹುದು, ಆದರೆ ಕೂಸನ್ನು ತಂದು ತೋರಿಸಿ, ಅದಕ್ಕೂ ಸಣ್ಣ ಗುಳಿಗೆ ಬೇಕಾಗುತ್ತದೆ ಎಂದರು. ಅಲ್ಲಿಂದ ಆಕೆಗೆ ಕಾಲು ನೆಲಕ್ಕೆ ನಿಲ್ಲಲಿಲ್ಲ. ಬೆಳಗಿನಿಂದ ಇಬ್ಬರೂ ಏನೂ ತಿಂದಿರಲಿಲ್ಲ. ಮಿರ್ಚಿ ಭಜಿ ತಿನ್ನೋಣ ಎಂದೆ. ಪೊಟ್ಟಣ ಕಟ್ಟಿಸಿಕೊಂಡು ಬಸ್ಸಿನಲ್ಲಿ ತಿನ್ನೋಣ ಎಂದಳು. ಬಸ್ಸಿನಲ್ಲಿ ಒಂದೂ ತಿನ್ನಲಿಲ್ಲ. ಕುಪ್ಪಸದ ಬಲಗಡೆ ಒದ್ದೆಯಾಗುತ್ತಿತ್ತು, ಸೆರಗು ಮತ್ತೆ ಮತ್ತೆ ಎಳೆದುಕೊಳ್ಳುತ್ತಿದ್ದಳು.

ಮನೆ ಮುಟ್ಟಿದಾಗ ಕೂಸು ಅತ್ತು ಅತ್ತು ದಣಿದು ಮುದುಕಿಯ ತೊಡೆಯ ಮೇಲಿತ್ತು. ಅಕ್ಕ ಚಪ್ಪಲಿಯನ್ನೂ ಬಿಡದೆ ಒಳಗೆ ಹೋಗಿ ಎತ್ತಿಕೊಂಡಳು. ಒಂದು ದಿನ ಮೊಲೆ ಕಾಣದ ಕೂಸು ಹೇಗೆ ಬಾಯಿ ಹಾಕಿತೆಂದರೆ ಅಕ್ಕ ನೋವಿಗೆ ಉಸಿರೆಳೆದುಕೊಂಡಳು. ಅತ್ತೆ ನನ್ನ ಮುಖ ನೋಡಿದಳು. ಕ್ಯಾನ್ಸರ್ ಅಲ್ಲ, ಗುಳಿಗೆಯಿಂದ ಹೋಗುತ್ತದೆ ಎಂದೆ. ಮುದುಕಿ ಎದ್ದಳು. ಆಡಿನ ಹಾಲಿನ ಬಟ್ಟಲನ್ನು ಎತ್ತಿಕೊಂಡು ಹೋಗಿ ತಾನೇ ಕುಡಿದು ಬೋರಲು ಹಾಕಿದಳು.

ಆ ಒಂಬತ್ತು ತಿಂಗಳು ಸಸಾರವೇನೂ ಆಗಿರಲಿಲ್ಲ. ಮೊದಲ ದಿನವೇ ಮೂತ್ರ ಕೆಂಪಗೆ ಬಂತೆಂದು ಅತ್ತೆ ರಕ್ತ ಹೋಗುತ್ತಿದೆ ಎಂದು ಓಣಿ ತುಂಬ ಹೇಳಿಕೊಂಡು ಬಂದಳು. ಗುಳಿಗೆಯ ಬಣ್ಣ ಅದು ಎಂದು ನಾನು ಹಿಂದೆಯೇ ಹೋಗಿ ಮನೆ ಮನೆಗೆ ಹೇಳಬೇಕಾಯಿತು. ಅದರಿಂದ ಟಿ.ಬಿ. ಎನ್ನುವ ಸುದ್ದಿಯೂ ಹರಡಿತು. ಗುಂಪಿನ ಕೆಲವರು ಬುತ್ತಿ ಬೇರೆ ಕೂತು ತಿನ್ನತೊಡಗಿದರು. ಹೇಳಿ ಕಳಿಸಿದ ಎಂಟು ದಿನಕ್ಕೆ ಗಂಡ ಬಂದ. ಸಾಯುವ ಹೆಂಡತಿಯನ್ನು ನೋಡಲು ಬಂದವನಿಗೆ ರೊಟ್ಟಿ ಬಡಿಯುವ ಹೆಂಡತಿ ಸಿಕ್ಕಳು. ಸಂತೋಷಪಡುವ ಬದಲು ತಾಟು, ಚರಿಗೆ ಬೇರೆ ಇಡಿಸಿದ. ಅಕ್ಕ ಎರಡು ದಿನ ನೋಡಿದಳು. ಮೂರನೇ ದಿನ ಅವನ ಕೈಗೇ ಕೂಸನ್ನು ಕೊಟ್ಟು, ಡಾಕ್ಟರ ಹತ್ತಿರ ನೀವೇ ಕರೆದುಕೊಂಡು ಹೋಗಿ, ಏನು ಕೇಳಬೇಕೋ ಅವರನ್ನೇ ಕೇಳಿ ಬನ್ನಿ ಎಂದು ಕಳಿಸಿದಳು. ಆಕೆಯ ಶ್ವಾಸಕೋಶ ಸ್ವಚ್ಛವಿದೆ, ಒಂದೇ ತಾಟಿನಲ್ಲಿ ಉಂಡರೆ ಇದು ಹತ್ತುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರಂತೆ. ಜೊತೆಗೆ ಇನ್ನೂ ಏನೇನು ಹೇಳಿದರೋ, ಅವನು ವಾಪಸು ಬಂದವನು ತಗ್ಗಿದ ದನಿಯಲ್ಲಿಯೇ ಮಾತಾಡಿದ. ಆ ಸಂಜೆ ಹೆಂಡತಿಯ ತಾಟಿನಲ್ಲಿಯೇ ಉಂಡ.

ನಾಲ್ಕನೇ ತಿಂಗಳಿಗೆ ಎರಡೂ ಬಾಯಿ ಮುಚ್ಚಿಕೊಂಡವು. ಮೈ ತುಂಬಿತು. ಆಗ ನಮ್ಮಿಬ್ಬರಿಗೆ ಒಂದು ಸಲ ಜಗಳವಾಯಿತು, ದೊಡ್ಡ ಜಗಳ. ಗಾಯ ಮಾಯ್ದ ಮೇಲೆ ಗುಳಿಗೆ ಯಾಕೆ, ಹೊಟ್ಟೆಯಲ್ಲಿ ಉರಿಯುತ್ತದೆ, ಬಗ್ಗಿ ಕೆಲಸ ಮಾಡಲಾಗುವುದಿಲ್ಲ ಎಂದು ಆರು ದಿನ ನಿಲ್ಲಿಸಿದ್ದಳು. ನನಗೆ ತಿಳಿದದ್ದು ದೊಡ್ಡ ಮಗಳಿಂದ. ಎರಡು ದಿನ ಆಕೆಯ ಜೊತೆ ಮಾತು ಬಿಟ್ಟೆ. ಮೂರನೇ ದಿನ ಬೆಳಿಗ್ಗೆ ತಂಬಿಗೆ ನೀರು, ಗುಳಿಗೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದು ನನ್ನ ಎದುರೇ ನುಂಗಿದಳು. ಬಸುರಿ ಹೊತ್ತಂಗ ಹೊರಬೇಕಂದ್ರ ಹೊರ್ತೀನಿ ಬಿಡ್ರಿ, ಒಂಬತ್ತು ತಿಂಗಳೇನು ಹೊಸದಲ್ಲ ನನಗ ಎಂದಳು. ಅಂದಿನಿಂದ ದಿನವೂ ನನ್ನ ಬಾಗಿಲಲ್ಲಿಯೇ ನುಂಗುವುದು ರೂಢಿಯಾಯಿತು. ಅದೇ ದಿನಗಳಲ್ಲಿ ಒಂದು ಬೆಳಿಗ್ಗೆ ಕೂಸು ಅಕ್ಕನ ಸೀರೆಯನ್ನು ಬಿಟ್ಟು, ನನ್ನ ಹೊಸ್ತಿಲವರೆಗೆ ನಾಲ್ಕು ಹೆಜ್ಜೆ ತಾನೇ ಬಂತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

ನಾಲ್ಕು ವರ್ಷದ ಮೇಲೆ ನನಗೆ ಸುರಪುರದ ಕಡೆ ವರ್ಗವಾಯಿತು. ಮದುವೆ, ಮಕ್ಕಳು, ಬೇರೆ ಬೇರೆ ಶಾಲೆ. ಶಹಾಪುರದ ಸಂತೆಯಲ್ಲಿ ಆಗೀಗ ಸಿಗುತ್ತಿದ್ದಳು. ಸಿಕ್ಕಾಗಲೆಲ್ಲ ಜನರ ಮುಂದೆಯೇ, ಇವರು ನನ್ನ ಸಾಯಿಸಿಬಿಟ್ಟಿದ್ದರು ನೋಡ್ರಿ ಎಂದು ಹೇಳಿ ನಗುತ್ತಿದ್ದಳು. ನನಗೆ ನಾಚಿಕೆ, ಆಕೆಗೆ ಗಮ್ಮತ್ತು. ಕೊನೆಯ ಸಲ ನೋಡಿದ್ದು ಆಕೆಯ ಮೊಮ್ಮಗಳ ಮದುವೆಯಲ್ಲಿ, ಆರೇಳು ವರ್ಷವಾಯಿತು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ದನಿ ಹಾಗೆಯೇ ಇತ್ತು. ಬರ್ರಿ ಟೀಚರ್, ಒಂದೆರಡು ದಿನ ಇದ್ದು ಹೋಗಾಕ ಬರ್ರಿ ಎಂದಿದ್ದಳು. ನಿವೃತ್ತಿಯಾಗಲಿ, ಬರ್ತೀನಿ ಎಂದಿದ್ದೆ. ನಿವೃತ್ತಿಯಾಗಿ ಎರಡು ವರ್ಷವಾಯಿತು…

ಆ ಟಂಟಂ ಬಿಟ್ಟ ಮರುದಿನವೇ ಹೋದೆ. ಓಣಿಯಲ್ಲಿ ಸಿಮೆಂಟು ಹಾಕಿದ್ದಾರೆ. ನಾನಿದ್ದ ಕೋಣೆ ಇಲ್ಲ. ದೊಡ್ಡ ಮಗಳು ಬಾಗಿಲಿಗೆ ಬಂದಳು. ಮುಖದಲ್ಲಿ ಅಕ್ಕನನ್ನು ಕಂಡು ಮಾತಾಡಿಸಲು ಹೋದವಳು ಆಕೆಯ ಕಣ್ಣು ನೋಡಿ ತಡೆದೆ.

ಹೋದ ವರ್ಷ ಬೇಸಿಗೆಯಲ್ಲಿ. ಹೊಲದಿಂದ ಬಂದು, ನೀರು ಕುಡಿದು, ಗೋಡೆಗೆ ಒರಗಿ ಕೂತಿದ್ದಳಂತೆ. ಮಗಳು ಚಹಾ ತರುವಷ್ಟರಲ್ಲಿ ಮುಗಿದಿತ್ತು. ಗುಂಡಿಗೆ ನಿಂತಿತು ಎಂದರಂತೆ ಡಾಕ್ಟರು. ನನ್ನ ನಂಬರು ಯಾರ ಹತ್ತಿರವೂ ಇರಲಿಲ್ಲ. ಕೂಸಾಗಿದ್ದವಳು ಈಗ ಯಾದಗಿರಿಯಲ್ಲಿ ಇದ್ದಾಳೆ, ಎರಡು ಮಕ್ಕಳ ತಾಯಿ.

ಮಗಳು ಚಹಾ ಮಾಡಿಕೊಟ್ಟಳು. ಅವ್ವ ಗುಂಪಿನ ಹೆಂಗಸರಲ್ಲಿ ಯಾರಾದರೂ ಎದೆ ಮುಚ್ಚಿಕೊಂಡು ಮುಖ ಕಿವುಚಿದರೆ ಬದುವಿನ ಆಚೆ ಕರೆದುಕೊಂಡು ಹೋಗಿ ಬಿಚ್ಚಿಸಿ ನೋಡುತ್ತಿದ್ದಳಂತೆ. ಬಹಳ ಜನರದು ಬರೀ ಹಾಲಿನ ಗಡ್ಡೆ. ಇಬ್ಬರದು ನಿಜವಾಗಿಯೂ ಕ್ಯಾನ್ಸರ್. ಒಬ್ಬಳು ಉಳಿದಳು, ಒಬ್ಬಳು ಉಳಿಯಲಿಲ್ಲ. "ಯಾರಿಗರ ಅಂಜಿಕಿ ಆದ್ರ, ಮೊದಲ ಸೂಜಿ ಹಾಕಸ್ರಿ, ಆಮ್ಯಾಲ ಅಳ್ರಿ ಅಂತಿದ್ಲು ಅವ್ವ," ಎಂದಳು ಮಗಳು.

ಸಂಜೆ ಬಸ್ಸು ಹತ್ತಿದೆ. ಊರು ದಾಟುವವರೆಗೂ ಗಟ್ಟಿಯಾಗಿಯೇ ಇದ್ದೆ. ಬೇರೆ ಯಾವ ರೋಗವೂ ನರಳಿಸದೆ, ಮಕ್ಕಳು ಮೊಮ್ಮಕ್ಕಳನ್ನು ಕಂಡು ಹೋದಳು ಎನ್ನುವ ಸಮಾಧಾನ ಇದ್ದೇ ಇತ್ತು. ಎರಡು ವರ್ಷ ನಾನು ಮನೆಯಲ್ಲಿ ಸುಮ್ಮನೆ ಕೂತಿದ್ದೆ ಎನ್ನುವುದು ಮಾತ್ರ ಒಳಗೆ ಚುಚ್ಚುತ್ತಿತ್ತು. ಕಾಲುವೆಯ ಸೇತುವೆ ದಾಟುವಾಗ ಕಣ್ಣು ಒರೆಸಿಕೊಂಡೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನೋಡಿ ಯಾರಾದರೂ ತೀರಿಕೊಂಡರೇ ಎಂದು ಕೇಳಿದಳು. ನಮ್ಮಕ್ಕ ಎಂದೆ. ಸ್ವಂತ ಅಕ್ಕನೇನ್ರಿ ಎಂದಳು.

ಹೌದು ಎಂದೆ.